ಬೆಂಗಳೂರಿಗೆ ವಿಪತ್ತು ಯೋಜನೆ ಇದೆಯೇ? ಇದ್ದರೆ ಮಳೆಯ ರಾತ್ರಿ ಅದು ಯಾರ ಕೈಯಲ್ಲಿರುತ್ತದೆ?

ಪ್ರಶ್ನೆ: ನಾವು ಮಹದೇವಪುರ ಭಾಗದ ಒಂದು ಬಡಾವಣೆಯ ನಿವಾಸಿಗಳು. 2022ರ ಸೆಪ್ಟೆಂಬರ್‌ನಲ್ಲಿ ನಮ್ಮ ಮನೆಗಳಿಗೆ ನೀರು ನುಗ್ಗಿತ್ತು. ಈಗಲೂ ದೊಡ್ಡ ಮಳೆ ಬಂದರೆ ರಸ್ತೆ ಮುಳುಗುತ್ತದೆ, ಪ್ರತಿ ಸಲವೂ ಯಾರಿಗೆ ಫೋನ್ ಮಾಡಬೇಕೆಂದೇ ತಿಳಿಯುವುದಿಲ್ಲ. ಇಂಥ ನಗರಕ್ಕೆ ಲಿಖಿತ ವಿಪತ್ತು ಯೋಜನೆ ಎಂಬುದು ನಿಜವಾಗಿಯೂ ಇರುತ್ತದೆಯೇ? ಅದನ್ನು ಯಾರು ಮಾಡುತ್ತಾರೆ, ಅದರಲ್ಲಿ ಏನಿರಬೇಕು, ನಮ್ಮ ನಿವಾಸಿಗಳ ಸಂಘ ಅಧಿಕಾರಿಗಳನ್ನು ಏನೆಂದು ಕೇಳಬಹುದು?

ಉತ್ತರ: ಇರುತ್ತದೆ, ಇರಲೇಬೇಕು. 2004ರ ಡಿಸೆಂಬರ್‌ನ ಸುನಾಮಿಯ ಮರುವರ್ಷ ಸಂಸತ್ತು ಅಂಗೀಕರಿಸಿದ ವಿಪತ್ತು ನಿರ್ವಹಣಾ ಕಾಯ್ದೆ, 2005 ಪ್ರತಿ ಜಿಲ್ಲೆಗೂ ಒಂದು ಯೋಜನೆ ಇರತಕ್ಕದ್ದೆಂದು 31ನೇ ಕಲಮಿನಲ್ಲಿ ಹೇಳುತ್ತದೆ, ಅದನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕೆಂದೂ ವಿಧಿಸುತ್ತದೆ. ರಾಷ್ಟ್ರ ಮಟ್ಟದ ಪ್ರಾಧಿಕಾರಕ್ಕೆ ಪ್ರಧಾನಿ, ರಾಜ್ಯ ಮಟ್ಟದ್ದಕ್ಕೆ ಮುಖ್ಯಮಂತ್ರಿ, ಜಿಲ್ಲಾ ಮಟ್ಟದ್ದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು. ಸ್ಥಳೀಯ ಸಂಸ್ಥೆಗಳು ತಮ್ಮ ಸಿಬ್ಬಂದಿಗೆ ತರಬೇತಿ ಕೊಡಬೇಕು, ಸಲಕರಣೆಗಳನ್ನು ಸಜ್ಜಾಗಿಡಬೇಕು, ತಮ್ಮ ವ್ಯಾಪ್ತಿಯ ಕಟ್ಟಡಗಳು ಸುರಕ್ಷತೆಯ ಮಾನದಂಡ ಪಾಲಿಸುವಂತೆ ನೋಡಿಕೊಳ್ಳಬೇಕು ಎಂಬುದು 41ನೇ ಕಲಮು.

ನಿಮ್ಮ ಗೊಂದಲಕ್ಕೆ ಕಾರಣ ಈ ರಚನೆಯಲ್ಲೇ ಇದೆ. ಕಾಯ್ದೆಯನ್ನು ಬರೆದವರ ಕಣ್ಣ ಮುಂದೆ ಇದ್ದದ್ದು ಜಿಲ್ಲೆ, ಅಂದರೆ ತಾಲ್ಲೂಕು, ಹೋಬಳಿ, ನದಿ, ಬರ. ಬೆಂಗಳೂರಿನಲ್ಲಿ ಕಾಲುವೆಯ ಹೂಳೆತ್ತುವವರು ಪಾಲಿಕೆಯವರು, ಒಳಚರಂಡಿ ಜಲಮಂಡಳಿಯದ್ದು, ವಿದ್ಯುತ್ ಬೆಸ್ಕಾಂನದ್ದು, ರಸ್ತೆ ಮುಚ್ಚುವವರು ಸಂಚಾರ ಪೊಲೀಸರು. ಆದರೆ ಯೋಜನೆಗೆ ಸಹಿ ಹಾಕಬೇಕಾದವರು ಇವರಾರೂ ಅಲ್ಲ, ಜಿಲ್ಲಾಧಿಕಾರಿ. 2025ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ತಿದ್ದುಪಡಿ ಈ ಕೊರತೆಯನ್ನು ಒಪ್ಪಿಕೊಂಡಿದೆ. ರಾಜ್ಯದ ರಾಜಧಾನಿಗಳಿಗೆ ಮತ್ತು ಮಹಾನಗರ ಪಾಲಿಕೆಯಿರುವ ನಗರಗಳಿಗೆ ರಾಜ್ಯ ಸರ್ಕಾರ ಪ್ರತ್ಯೇಕ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರವನ್ನು ರಚಿಸಬಹುದು, ಪಾಲಿಕೆಯ ಆಯುಕ್ತರು ಅದರ ಅಧ್ಯಕ್ಷರು, ಜಿಲ್ಲಾಧಿಕಾರಿ ಉಪಾಧ್ಯಕ್ಷರು ಎಂದು ಅದು ಹೇಳುತ್ತದೆ. ಇದು ಒಳ್ಳೆಯ ಹೆಜ್ಜೆ. ಆದರೆ ಅದೇ ವರ್ಷ ಸೆಪ್ಟೆಂಬರ್ 2ರಂದು ಇಡೀ ನಗರಕ್ಕಿದ್ದ ಒಂದೇ ಪಾಲಿಕೆ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳು ಬಂದವು. ಆಡಳಿತದ ಗಡಿ ಐದಾಯಿತು, ಮಳೆನೀರಿನ ದಾರಿ ಹಾಗೆಯೇ ಇದೆ. ಕೇಂದ್ರ ಭಾಗದಲ್ಲಿ ಬಿದ್ದ ನೀರು ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಇಳಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಮೇಲಿನ ಪಾಲಿಕೆಯವರು ತಮ್ಮ ಕಾಲುವೆಯನ್ನು ಅಗಲ ಮಾಡಿ ನೀರನ್ನು ಬೇಗ ಸಾಗಿಸಿದಷ್ಟೂ ಕೆಳಗಿರುವ ನಿಮ್ಮಂಥವರಿಗೆ ಅದು ಬೇಗ ತಲುಪುತ್ತದೆ. ಆದ್ದರಿಂದ ಐದು ಯೋಜನೆಗಳನ್ನು ಒಂದೇ ಕಣಿವೆಯ ನಕ್ಷೆಯ ಮೇಲಿಟ್ಟು ಓದುವ ಒಬ್ಬರು ಮೇಲೆ ಇರಲೇಬೇಕು. ಗ್ರೇಟರ್ ಬೆಂಗಳೂರು ಪ್ರಾಧಿಕಾರದಿಂದ ಜನ ಮೊದಲು ನಿರೀಕ್ಷಿಸಬೇಕಾದ ಕೆಲಸ ಇದೆಂದು ನನ್ನ ಅಭಿಪ್ರಾಯ.

ಇನ್ನು ಯೋಜನೆಯಲ್ಲಿ ಏನಿರುತ್ತದೆ ಎಂಬ ಪ್ರಶ್ನೆ. ಸಾಮಾನ್ಯವಾಗಿ ಇಂಥ ದಾಖಲೆಯನ್ನು ತೆರೆದರೆ ಮೊದಲು ಜಿಲ್ಲೆಯ ಭೂಗೋಳ, ಜನಸಂಖ್ಯೆ, ಮಳೆಯ ಸರಾಸರಿ, ಆಮೇಲೆ ಇಲಾಖೆಗಳ ಹೊಣೆಗಾರಿಕೆಯ ಪಟ್ಟಿ, ಕೊನೆಗೆ ದೂರವಾಣಿ ಸಂಖ್ಯೆಗಳು ಮತ್ತು ಜೆಸಿಬಿ, ಪಂಪ್, ದೋಣಿಗಳ ಲೆಕ್ಕ ಕಾಣುತ್ತದೆ. ಎರಡು ವರ್ಗಾವಣೆಗಳಾದರೆ ದೂರವಾಣಿ ಪಟ್ಟಿಯ ಅರ್ಧಭಾಗ ಹಳತಾಗುತ್ತದೆ. ಇವೆಲ್ಲ ಬೇಕು, ಆದರೆ ಇವು ಸಾಮಗ್ರಿಯ ಪಟ್ಟಿಯಷ್ಟೇ. ಯಾವ ಅಂಕಿ ಮುಟ್ಟಿದಾಗ, ಯಾವ ಹುದ್ದೆಯವರು, ಯಾರ ಅಪ್ಪಣೆಗೂ ಕಾಯದೆ, ಏನು ಮಾಡುತ್ತಾರೆ ಎಂಬ ತೀರ್ಮಾನಗಳನ್ನು ಬಿಸಿಲಿರುವಾಗಲೇ ತೆಗೆದುಕೊಂಡು ಬರೆದಿಟ್ಟಿದ್ದರೆ ಅದನ್ನು ಯೋಜನೆ ಎನ್ನಬಹುದು. ಮಳೆ ಸುರಿಯುವಾಗ ಸಭೆ ಸೇರಿ ತೀರ್ಮಾನಿಸುವುದಕ್ಕೆ ನಗರದಲ್ಲಿ ಸಮಯವಿರುವುದಿಲ್ಲ. ಕೃಷ್ಣಾ ನದಿಯ ಪ್ರವಾಹ ಬೆಳಗಾವಿ ಜಿಲ್ಲೆಗೆ ಬರುವ ಮೊದಲು ಮಹಾರಾಷ್ಟ್ರದ ಜಲಾಶಯಗಳಿಂದ ಬಿಟ್ಟ ನೀರಿನ ಲೆಕ್ಕ ಮುಂಚಿತವಾಗಿ ಸಿಗುತ್ತದೆ. ಬೆಂಗಳೂರಿನ ರಾಜಕಾಲುವೆ, ಅಂದರೆ ಮಳೆನೀರು ಸಾಗಿಸುವ ದೊಡ್ಡ ಕಾಲುವೆ, ಮುಕ್ಕಾಲು ಗಂಟೆಯಲ್ಲಿ ಉಕ್ಕಬಲ್ಲದು.

2023ರ ಮೇ 21ರ ಘಟನೆ ನಿಮಗೆ ನೆನಪಿರಬಹುದು. ಭಾನುವಾರ ಮಧ್ಯಾಹ್ನದ ಮಳೆಗೆ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಅದರೊಳಗೆ ಸಿಕ್ಕಿಕೊಂಡ ಕಾರಿನಲ್ಲಿದ್ದ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ವಿಧಾನಸೌಧ ಅಲ್ಲಿಂದ ಕೂಗಳತೆಯ ದೂರದಲ್ಲಿದೆ. ಪಂಪ್, ಪೊಲೀಸರು, ಅಗ್ನಿಶಾಮಕ ದಳ ಎಲ್ಲವೂ ಹತ್ತಿರದಲ್ಲೇ ಇರುವ ಜಾಗ ಅದು. ಅಲ್ಲಿ ಬೇಕಿದ್ದದ್ದು ಒಂದು ಸಣ್ಣ ನಿಯಮ: ಗೋಡೆಯ ಮೇಲೆ ಬರೆದ ಗೆರೆಯನ್ನು ನೀರು ಮುಟ್ಟಿದ ಕೂಡಲೇ ಎರಡೂ ಬದಿಯ ತಡೆಗಂಬ ಕೆಳಗಿಳಿಯಬೇಕು, ಇಳಿಸುವ ಅಧಿಕಾರ ಅಲ್ಲಿ ನಿಂತಿರುವ ಪೇದೆಗೇ ಇರಬೇಕು, ಅವರು ಇಲ್ಲದ ದಿನ ಯಾರು ಎಂಬುದೂ ಬರೆದಿರಬೇಕು. ರಸ್ತೆ ಮುಚ್ಚಿದ್ದಕ್ಕೆ ಮರುದಿನ ಅವರು ಯಾರಿಗೂ ಸಮಜಾಯಿಷಿ ಕೊಡಬೇಕಾಗಿ ಬರಬಾರದು. ಈ ಕೊನೆಯ ವಾಕ್ಯವನ್ನು ಯಾವ ಯೋಜನೆಯಲ್ಲೂ ಸುಲಭವಾಗಿ ಬರೆಯುವುದಿಲ್ಲ, ಆದರೆ ಅದಿಲ್ಲದಿದ್ದರೆ ತಡೆಗಂಬ ಇಳಿಯುವುದಿಲ್ಲ.

ಹಾಗಾದರೆ ಅಂಕಿ ಯಾವುದು? ಹವಾಮಾನ ಇಲಾಖೆ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರಿ ಮಳೆ, 115.6 ಮಿ.ಮೀ. ದಾಟಿದರೆ ಅತಿ ಭಾರಿ ಮಳೆ ಎಂದು ವರ್ಗೀಕರಿಸುತ್ತದೆ. ಹೊಲಗದ್ದೆಗೆ, ನದಿಗೆ ಈ ಲೆಕ್ಕ ಸರಿ. ಆದರೆ ಇಡೀ ದಿನದಲ್ಲಿ ಬಿದ್ದದ್ದು 50 ಮಿ.ಮೀ. ಮಾತ್ರವಾದರೆ ಆ ವರ್ಗೀಕರಣದಲ್ಲಿ ಅದು ಸಾಧಾರಣ ಮಳೆಯೆನಿಸಿಕೊಳ್ಳುತ್ತದೆ. ಅಷ್ಟೂ ಮಳೆ ಮುಕ್ಕಾಲು ಗಂಟೆಯಲ್ಲಿ ಬಿದ್ದರೆ ನಿಮ್ಮ ರಸ್ತೆ ಮುಳುಗಿರುತ್ತದೆ. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿ.ಮೀ. ಮಳೆಯೆಂದರೆ ಒಂದು ಲೀಟರ್ ನೀರು. ಆ ಲೆಕ್ಕದಲ್ಲಿ ಒಂದು ಚದರ ಕಿಲೋಮೀಟರ್ ಬಡಾವಣೆಯ ಮೇಲೆ 100 ಮಿ.ಮೀ. ಬಿದ್ದರೆ 10 ಕೋಟಿ ಲೀಟರ್, ಅಂದರೆ ಹತ್ತು ಸಾವಿರ ಲೀಟರಿನ ಹತ್ತು ಸಾವಿರ ಟ್ಯಾಂಕರ್ ನೀರು. ಮೊದಲು ಮಣ್ಣು ಅದರಲ್ಲಿ ದೊಡ್ಡ ಪಾಲನ್ನು ಕುಡಿಯುತ್ತಿತ್ತು. ಕಾಂಕ್ರೀಟು, ಡಾಂಬರು, ಟೈಲ್ಸ್ ಹಾಸಿದ ಮೇಲೆ ಬಹುಪಾಲು ನೇರ ಕಾಲುವೆಗೆ ಹರಿಯುತ್ತದೆ. ಆದ್ದರಿಂದ ನಗರದ ಯೋಜನೆ ದಿನದ ಮಳೆಯ ಬದಲು ಹದಿನೈದು ನಿಮಿಷ ಮತ್ತು ಒಂದು ಗಂಟೆಯ ಮಳೆಯ ತೀವ್ರತೆಯನ್ನೂ ಕಾಲುವೆಯಲ್ಲಿನ ನೀರಿನ ಮಟ್ಟವನ್ನೂ ಆಧಾರವಾಗಿಟ್ಟುಕೊಳ್ಳಬೇಕು. ಬೆಂಗಳೂರಿಗೆ ಈ ವಿಷಯದಲ್ಲಿ ದೇಶದ ಅನೇಕ ನಗರಗಳಿಗಿಲ್ಲದ ಅನುಕೂಲವಿದೆ. 1988ರಲ್ಲಿ ಬರ ನಿಗಾ ಘಟಕವಾಗಿ ಆರಂಭವಾಗಿ ಈಗ ಯಲಹಂಕದಿಂದ ಕೆಲಸ ಮಾಡುತ್ತಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಮಳೆಮಾಪಕಗಳನ್ನೂ, ರಾಜಕಾಲುವೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಂವೇದಕಗಳನ್ನೂ ಅಳವಡಿಸಿದೆ, ಭಾರತೀಯ ವಿಜ್ಞಾನ ಸಂಸ್ಥೆಯ ಜೊತೆಗೂಡಿ ನಗರಕ್ಕೆ ಪ್ರವಾಹ ಮುನ್ಸೂಚನೆಯ ಮಾದರಿಯನ್ನೂ ರೂಪಿಸಿದೆ. ಮೇಘಸಂದೇಶ ಎಂಬ ಆ್ಯಪ್ ಅಲ್ಲಿಂದ ಬಂದದ್ದು. ಹೀಗಾಗಿ ನಮ್ಮ ಕೊರತೆ ಮಾಹಿತಿಯದ್ದೆಂದು ಹೇಳಲಾಗದು. ಸಂವೇದಕ ಕೆಂಪಾದ ಗಳಿಗೆಯಲ್ಲಿ ಯಾರ ಫೋನು ಬಡಿಯಬೇಕು, ಅವರು ಎದ್ದು ಏನು ಮಾಡಬೇಕು ಎಂಬ ಕೊಂಡಿ ಬಿಗಿಯಾಗಿಲ್ಲ.

ಮುನ್ಸೂಚನೆಗಿಂತ ಹಿಂದಿನ ಹಂತ ಭೂಬಳಕೆ, ಮತ್ತು ಅಲ್ಲಿಯೇ ಬಹುಪಾಲು ವಿಪತ್ತು ನಿರ್ಧಾರವಾಗಿಬಿಡುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಬ್ಬದ ಮೇಲಿದೆ, ನೀರು ವೃಷಭಾವತಿ, ಕೋರಮಂಗಲ–ಚಲ್ಲಘಟ್ಟ, ಹೆಬ್ಬಾಳ ಎಂಬ ಕಣಿವೆಗಳಲ್ಲಿ ಕೆರೆಯಿಂದ ಕೆರೆಗೆ ಇಳಿಯುತ್ತದೆ. ಒಂದು ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಮುಂದಿನ ಕೆರೆಗೆ ಹೋಗುವಂತೆ ಹಿರಿಯರು ಕಟ್ಟಿದ ಸರಪಳಿ ಅದು. ಕೋಡಿಯ ಕೆಳಗಿನ ಹಾದಿಯಲ್ಲಿ ಮನೆ ಕಟ್ಟಿದವರಿಗೆ ಕೋಡಿ ಬಿದ್ದ ದಿನ ನೀರು ಬಂದೇ ಬರುತ್ತದೆ, ಮನೆಯ ಬೆಲೆ ಎಷ್ಟು ಕೋಟಿಯಾದರೂ ಅಷ್ಟೇ. 2022ರ ಸೆಪ್ಟೆಂಬರ್ 5ರ ಬೆಳಗ್ಗೆ ಸರ್ಜಾಪುರ ರಸ್ತೆಯ ವಿಲ್ಲಾಗಳಿಂದ ಜನರು ಟ್ರ್ಯಾಕ್ಟರ್ ಹತ್ತಿ ಹೊರಬಂದದ್ದನ್ನು ದೇಶವೆಲ್ಲ ನೋಡಿತು. ಅಂದಿನವರೆಗಿನ 24 ಗಂಟೆಗಳಲ್ಲಿ ನಗರದ ವೀಕ್ಷಣಾಲಯದಲ್ಲಿ ದಾಖಲಾಗಿದ್ದು ಸುಮಾರು 131 ಮಿ.ಮೀ. ಹಿಂದೆಂದೂ ಬೀಳದ ಮಳೆಯೇನೂ ಅದಾಗಿರಲಿಲ್ಲ. ಕೆರೆಗಳು ಮೊದಲೇ ತುಂಬಿದ್ದವು, ಕಾಲುವೆಗಳು ಕಿರಿದಾಗಿದ್ದವು. ಪರಿಷ್ಕೃತ ಮಹಾಯೋಜನೆ 2015ರ ಪ್ರಕಾರ ಪ್ರಾಥಮಿಕ ರಾಜಕಾಲುವೆಗೆ 50 ಮೀಟರ್, ದ್ವಿತೀಯ ಹಂತದ್ದಕ್ಕೆ 25, ತೃತೀಯ ಹಂತದ್ದಕ್ಕೆ 15 ಮೀಟರ್ ಮೀಸಲು ವಲಯ ಬಿಡಬೇಕು. ಇದನ್ನು ಹೆಚ್ಚಿಸಲು ಹಸಿರು ನ್ಯಾಯಮಂಡಳಿ 2016ರಲ್ಲಿ ಕೊಟ್ಟ ಆದೇಶವನ್ನು ಸುಪ್ರೀಂ ಕೋರ್ಟ್ 2019ರಲ್ಲಿ ತೆಗೆದುಹಾಕಿತು. ಆ ಮಹಾಯೋಜನೆಯ ಹೆಸರಿನಲ್ಲಿರುವ ಇಸವಿ ಮುಗಿದು ಹತ್ತು ವರ್ಷವಾದರೂ ಅದರ ಜಾಗಕ್ಕೆ ಹೊಸದು ಬಂದಿಲ್ಲ. ಇದನ್ನೂ ವಿಪತ್ತು ಸಿದ್ಧತೆಯ ಲೋಪವೆಂದೇ ಎಣಿಸಬೇಕು, ಏಕೆಂದರೆ ಮುಂದಿನ ಪ್ರವಾಹದಲ್ಲಿ ಮುಳುಗುವ ಮನೆಗಳಿಗೆ ಇಂದು ನಕ್ಷೆ ಮಂಜೂರಾಗುತ್ತಿರುತ್ತದೆ.

ನಗರದ ಅಪಾಯ ನಗರದ ಗಡಿಯೊಳಗೇ ಇರುತ್ತದೆಂದು ಭಾವಿಸುವುದು ಇನ್ನೊಂದು ತಪ್ಪು. ಆ ಸೆಪ್ಟೆಂಬರ್ 5ರಂದೇ ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ಟಿ.ಕೆ. ಹಳ್ಳಿಯಲ್ಲಿರುವ ಕಾವೇರಿ ನೀರಿನ ಯಂತ್ರಾಗಾರಕ್ಕೆ ಭೀಮೇಶ್ವರ ಹೊಳೆಯ ನೀರು ನುಗ್ಗಿತು. ಸುಮಾರು ನೂರು ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ, ಟಿ.ಕೆ. ಹಳ್ಳಿ, ಹಾರೋಹಳ್ಳಿ, ತಾತಗುಣಿ ಎಂಬ ಮೂರು ಹಂತಗಳಲ್ಲಿ ನೀರೆತ್ತಿ ಬೆಂಗಳೂರಿಗೆ ಕುಡಿಸುವ ವ್ಯವಸ್ಥೆ ಅದು. ಮೊದಲ ಹಂತ ಮುಳುಗಿದರೆ ಉಳಿದೆರಡು ಕೈಕಟ್ಟಿ ಕೂರಬೇಕು. ಪರಿಣಾಮವಾಗಿ, ಮೊಳಕಾಲುದ್ದ ನೀರಿನಲ್ಲಿ ನಿಂತ ನಗರದ ಹಲವು ಕಡೆ ನಲ್ಲಿಗಳಲ್ಲಿ ಎರಡು ದಿನ ನೀರು ಬರಲಿಲ್ಲ. ನಿಮ್ಮ ಬಡಾವಣೆಯಂಥ ಕಡೆ ನೆಲದಡಿಯ ನೀರಿನ ಸಂಪ್‌ಗೆ ಚರಂಡಿಯ ನೀರು ಸೇರಿರುತ್ತದೆ, ಬೋರ್‌ವೆಲ್ ಪಂಪಿಗೆ ಕರೆಂಟ್ ಇರುವುದಿಲ್ಲ, ಟ್ಯಾಂಕರ್ ಒಳಗೆ ಬರಲಾರದು, ಆಗ ಕಾವೇರಿಯೂ ನಿಂತರೆ ಏನು ಗತಿ? ಸಮರ್ಥ ಯೋಜನೆಯಲ್ಲಿ ಹೀಗೆ ಒಂದರ ಬೆನ್ನಿಗೆ ಇನ್ನೊಂದು ಕೆಡುವ ವ್ಯವಸ್ಥೆಗಳನ್ನು ಮೊದಲೇ ಗುರುತಿಸಿರುತ್ತಾರೆ. 2015ರ ಡಿಸೆಂಬರ್‌ನ ಚೆನ್ನೈ ಪ್ರವಾಹದಲ್ಲಿ ಒಂದು ದೊಡ್ಡ ಆಸ್ಪತ್ರೆಯ ಜನರೇಟರ್‌ಗಳು ನೀರಿನಲ್ಲಿ ಮುಳುಗಿ, ತೀವ್ರ ನಿಗಾ ಘಟಕದ ರೋಗಿಗಳು ಸಾವಿಗೀಡಾದ ವರದಿ ಬಂದ ಮೇಲೆ, ಜನರೇಟರ್ ನೆಲಮಾಳಿಗೆಯಲ್ಲಿ ಇರುವ ಪ್ರತಿ ಆಸ್ಪತ್ರೆಯನ್ನೂ ಅಪಾಯದ ಪಟ್ಟಿಗೆ ಸೇರಿಸುವುದು ಯಾವ ನಗರಕ್ಕೂ ಕಷ್ಟದ ಕೆಲಸವಲ್ಲ.

ವಿದ್ಯುತ್ತಿನ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. 2022ರಲ್ಲಿ ವೈಟ್‌ಫೀಲ್ಡ್ ಕಡೆ ನೀರು ನಿಂತ ರಸ್ತೆಯಲ್ಲಿ ಸ್ಕೂಟರ್ ಜಾರಿ ಆಧಾರಕ್ಕೆ ಕಂಬ ಹಿಡಿದ ಯುವತಿಯೊಬ್ಬರು ವಿದ್ಯುತ್ ಆಘಾತದಿಂದ ತೀರಿಕೊಂಡರು. 2025ರ ಮೇ ತಿಂಗಳ ಮಳೆಯಲ್ಲಿ ಬಿಟಿಎಂ ಬಡಾವಣೆಯ ಅಪಾರ್ಟ್‌ಮೆಂಟ್ ಒಂದರ ನೆಲಮಾಳಿಗೆಗೆ ತುಂಬಿದ ನೀರನ್ನು ಮೋಟಾರ್ ಹಚ್ಚಿ ಹೊರಹಾಕುವಾಗ ಇಬ್ಬರು, ಅವರಲ್ಲೊಬ್ಬ ಬಾಲಕ, ಹಾಗೆಯೇ ಸತ್ತರು. ಕರೆಂಟ್ ಕಡಿತ ಮಾಡಿದರೆ ಜನ ಬೈಯುತ್ತಾರೆ, ಮಾಡದಿದ್ದರೆ ಜೀವ ಹೋಗುತ್ತದೆ. ಯಾವ ಫೀಡರ್ (ಬಡಾವಣೆಗೆ ಕರೆಂಟ್ ತರುವ ಮಾರ್ಗ) ವ್ಯಾಪ್ತಿಯಲ್ಲಿ ಎಷ್ಟು ನೀರು ನಿಂತರೆ ಸಂಪರ್ಕ ಕಡಿಯಬೇಕು ಎಂಬುದನ್ನು ಬೆಸ್ಕಾಂ ಮತ್ತು ಪಾಲಿಕೆ ಮೊದಲೇ ಕೂತು ಗೊತ್ತುಮಾಡಿ, ಆ ಮಿತಿಯನ್ನು ನಿವಾಸಿಗಳಿಗೂ ತಿಳಿಸಿರಬೇಕು.

ಇಷ್ಟೊಂದು ಇಲಾಖೆಗಳನ್ನು ಒಂದೇ ದಾರದಲ್ಲಿ ಕಟ್ಟುವ ವಿಧಾನವೂ ಕಾಗದದ ಮೇಲಿದೆ. ರಾಷ್ಟ್ರೀಯ ಪ್ರಾಧಿಕಾರ 2010ರಲ್ಲಿ ನಗರ ಪ್ರವಾಹ ನಿರ್ವಹಣೆಯ ಮಾರ್ಗಸೂಚಿಯನ್ನೂ, ಅದೇ ವರ್ಷ ಘಟನಾ ಸ್ಪಂದನ ವ್ಯವಸ್ಥೆಯ ಮಾರ್ಗಸೂಚಿಯನ್ನೂ ಹೊರಡಿಸಿತು. ಎರಡನೆಯದರ ತಿರುಳು ಇಷ್ಟು: ಘಟನೆ ಯಾವ ಇಲಾಖೆಗೆ ಸೇರಿದ್ದಾದರೂ ಸ್ಥಳದಲ್ಲಿ ಒಬ್ಬರೇ ಕಮಾಂಡರ್ ಇರಬೇಕು, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು ಎಂಬ ಮೂರು ವಿಭಾಗಗಳಿಗೆ ಹೆಸರಿಟ್ಟು ಅಧಿಕಾರಿಗಳನ್ನು ನೇಮಿಸಿರಬೇಕು. ಕಾಯ್ದೆಯ 34 ಮತ್ತು 65ನೇ ಕಲಮುಗಳ ಪ್ರಕಾರ ಜಿಲ್ಲಾ ಪ್ರಾಧಿಕಾರ ವಾಹನ ಸಂಚಾರವನ್ನು ನಿರ್ಬಂಧಿಸಬಹುದು, ಖಾಸಗಿಯವರ ವಾಹನ, ಕಟ್ಟಡ, ಸಲಕರಣೆಗಳನ್ನು ಪರಿಹಾರ ಕೊಟ್ಟು ವಶಕ್ಕೆ ಪಡೆಯಬಹುದು. ಟ್ರ್ಯಾಕ್ಟರ್‌ಗಳನ್ನು ಬಾಡಿಗೆಗೆ ಚೌಕಾಶಿ ಮಾಡುತ್ತ ನಿವಾಸಿಗಳೇ ಕರೆಸಿಕೊಳ್ಳಬೇಕಾದ ಅಗತ್ಯವಿರಲಿಲ್ಲವೆಂದು ಇದರಿಂದ ತಿಳಿಯುತ್ತದೆ.

ಸ್ಥಳಾಂತರದ ಭಾಗವನ್ನು ಓದುವಾಗ ನಾನು ಮೊದಲು ಹುಡುಕುವುದು ಕಾರ್ಮಿಕರ ಶೆಡ್‌ಗಳನ್ನು. ರಾಜಕಾಲುವೆಯ ಪಕ್ಕ, ಖಾಲಿ ನಿವೇಶನಗಳಲ್ಲಿ, ತಗಡಿನ ಗೂಡುಗಳಲ್ಲಿ ರಾಯಚೂರು, ಯಾದಗಿರಿ, ಬಂಗಾಳ, ಒಡಿಶಾಗಳಿಂದ ಬಂದ ಕುಟುಂಬಗಳಿರುತ್ತವೆ. ನಿಮ್ಮ ಬಡಾವಣೆಯ ಮನೆಕೆಲಸದವರು, ಕಾವಲುಗಾರರು, ಗಾರೆ ಕೆಲಸದವರು ಅಲ್ಲಿಂದಲೇ ಬರುವವರು. ಮತದಾರರ ಪಟ್ಟಿಯಲ್ಲಿ ಅವರ ಹೆಸರು ಬೇರೆ ಊರಿನಲ್ಲಿರುತ್ತದೆ, ಆದ್ದರಿಂದ ವಾರ್ಡಿನ ಲೆಕ್ಕದಲ್ಲಿ ಅವರು ಇರುವುದಿಲ್ಲ. ಕಾಳಜಿ ಕೇಂದ್ರ, ಅಂದರೆ ಸಂತ್ರಸ್ತರ ತಾತ್ಕಾಲಿಕ ಆಶ್ರಯ, ಯಾವ ಶಾಲೆಯಲ್ಲಿ, ಬೀಗದ ಕೈ ಯಾರ ಬಳಿ, ಶೌಚಾಲಯ ಎಷ್ಟು, ಕನ್ನಡ ಬಾರದವರಿಗೆ ಎಚ್ಚರಿಕೆ ಯಾವ ಭಾಷೆಯಲ್ಲಿ ಎಂದು ಬರೆದಿಲ್ಲದ ಸ್ಥಳಾಂತರ ಯೋಜನೆ ಅವರ ಪಾಲಿಗೆ ಇಲ್ಲದಂತೆಯೇ. 2024ರ ಅಕ್ಟೋಬರ್‌ನಲ್ಲಿ ಯಲಹಂಕದ ಅಪಾರ್ಟ್‌ಮೆಂಟ್ ಸಮುಚ್ಚಯಕ್ಕೆ ದೋಣಿಗಳು ಹೋದವು. ಶೆಡ್‌ಗಳಿಗೆ ದೋಣಿ ಹೋಗಬೇಕಾದರೆ ಅವು ಮೊದಲು ನಕ್ಷೆಯಲ್ಲಿ ಇರಬೇಕು.

ಹಣವಿಲ್ಲವೆಂಬ ಉತ್ತರವನ್ನು ನೀವು ಕೇಳಿರುತ್ತೀರಿ. ಹದಿನೈದನೇ ಹಣಕಾಸು ಆಯೋಗ ರಾಜ್ಯಗಳ ವಿಪತ್ತು ನಿಧಿಯಲ್ಲಿ ನೂರಕ್ಕೆ 80 ಭಾಗವನ್ನು ಸ್ಪಂದನೆಗೂ 20 ಭಾಗವನ್ನು ಅಪಾಯ ತಗ್ಗಿಸುವುದಕ್ಕೂ ಹಂಚಿತು. ಆ 80ರೊಳಗೂ 10 ಭಾಗವನ್ನು ಸಿದ್ಧತೆ ಮತ್ತು ಸಾಮರ್ಥ್ಯವೃದ್ಧಿಗೆ ಮೀಸಲಿಟ್ಟಿತು. ಬಾಗಿಲು ಸಂಪೂರ್ಣ ಮುಚ್ಚಿಲ್ಲ. ಆದರೆ ಪರಿಹಾರದ ಚೆಕ್ ಹಂಚುವ ಸಮಾರಂಭಕ್ಕೆ ಬರುವ ಛಾಯಾಗ್ರಾಹಕರು ತೂಬು ದುರಸ್ತಿಗೆ ಬರುವುದಿಲ್ಲ, ಅದು ಬೇರೆ ಮಾತು.

ಬೇರೆ ನಗರಗಳಿಂದ ಕಲಿಯುವುದಾದರೆ ಎರಡನ್ನು ಹೇಳುತ್ತೇನೆ. 2006ರ ಆಗಸ್ಟ್‌ನಲ್ಲಿ ಉಕಾಯ್ ಜಲಾಶಯದಿಂದ ಬಿಟ್ಟ ನೀರಿನಲ್ಲಿ ಸೂರತ್ ಮುಳುಗಿದ ಮೇಲೆ, ಆ ನಗರ ಮೇಲ್ದಂಡೆಯ ಮಳೆಯಿಂದ ಹಿಡಿದು ವಾರ್ಡಿನವರೆಗೆ ಮುನ್ನೆಚ್ಚರಿಕೆಯ ಸರಪಳಿ ಕಟ್ಟಿಕೊಂಡಿತು. 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್‌ನಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಸಾವುಗಳು ಸಂಭವಿಸಿದವು. 2013ರಲ್ಲಿ ಅಲ್ಲಿನ ಪಾಲಿಕೆ ರೂಪಿಸಿದ ಬಿಸಿಲು ಕ್ರಿಯಾ ಯೋಜನೆ ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ತಾಪಮಾನ ಇಂತಿಷ್ಟು ಮುಟ್ಟಿದರೆ ಯಾವ ಆಸ್ಪತ್ರೆ, ಯಾವ ಕಾರ್ಮಿಕ ಗುತ್ತಿಗೆದಾರ, ಯಾವ ನೀರಿನ ಅರವಟ್ಟಿಗೆ ಏನು ಮಾಡಬೇಕೆಂದು ಅದರಲ್ಲಿ ಮೊದಲೇ ಗೊತ್ತಾಗಿರುತ್ತದೆ. ಎರಡರಲ್ಲೂ ದುಬಾರಿ ಯಂತ್ರಕ್ಕಿಂತ ಮೊದಲೇ ಗೊತ್ತುಮಾಡಿದ ಅಂಕಿ ಹೆಚ್ಚು ಕೆಲಸ ಮಾಡಿದೆ.

ಇನ್ನು ನಿಮ್ಮ ಸಂಘದ ಕೆಲಸ. ಪಾಲಿಕೆಯ ಕಚೇರಿಗೆ ಹೋಗಿ ಕಾಲುವೆ ಸ್ವಚ್ಛ ಮಾಡಿ ಎಂದು ಮಾತ್ರ ಕೇಳಿದರೆ ಮಾಡುತ್ತೇವೆ ಎಂಬ ಉತ್ತರದೊಂದಿಗೆ ಹಿಂತಿರುಗುತ್ತೀರಿ. ಲಿಖಿತವಾಗಿ, ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿಯ ಮೂಲಕ, ಹೀಗೆ ಕೇಳಿ. ನಮ್ಮ ಬಡಾವಣೆಗೆ ನೀರು ತರುವ ಕಾಲುವೆಯ ಯಾವ ಸಂವೇದಕಕ್ಕೆ ಎಚ್ಚರಿಕೆಯ ಮಟ್ಟ ಎಷ್ಟೆಂದು ನಿಗದಿಯಾಗಿದೆ? ಅದು ಮುಟ್ಟಿದಾಗ ಸಂದೇಶ ಯಾವ ಹುದ್ದೆಯವರಿಗೆ ಹೋಗುತ್ತದೆ, ಅವರು ರಜೆಯಲ್ಲಿದ್ದರೆ ಯಾರಿಗೆ? ಮೇಲಿನ ಕೆರೆಯ ತೂಬು ತೆರೆಯುವ ಅಧಿಕಾರ ಯಾರದು, ಮಳೆಗಾಲಕ್ಕೆ ಮೊದಲು ಅದನ್ನು ಕೊನೆಯ ಬಾರಿ ತಿರುಗಿಸಿ ನೋಡಿದ್ದು ಯಾವ ದಿನಾಂಕದಂದು? ನಮ್ಮ ವಾರ್ಡಿನ ಕಾಳಜಿ ಕೇಂದ್ರ ಯಾವುದು? ಯೋಜನೆಯನ್ನು ಕೊನೆಗೆ ಪರಿಷ್ಕರಿಸಿದ್ದು ಯಾವಾಗ? ಅಣಕು ಕಾರ್ಯಾಚರಣೆ ನಡೆದಿದ್ದರೆ ಅದರ ವರದಿ ಕೊಡಿ, ಅದರಲ್ಲಿ ಕಂಡ ದೋಷಗಳ ಪಟ್ಟಿಯನ್ನೂ ಕೊಡಿ. ದೋಷವೇ ಕಾಣದ ಅಣಕು ಕಾರ್ಯಾಚರಣೆ ನಡೆದಿದ್ದರೆ ಅದು ಬೆಳಗ್ಗೆ ಹನ್ನೊಂದಕ್ಕೆ, ಶಾಮಿಯಾನ ಹಾಕಿ, ಮುಂಚಿತವಾಗಿ ತಿಳಿಸಿ ಮಾಡಿದ್ದಿರುತ್ತದೆ. ನಿಜವಾದದ್ದನ್ನು ರಾತ್ರಿ, ಕರೆಂಟ್ ತೆಗೆದು, ತಿಳಿಸದೆ ಮಾಡಬೇಕು.

ನಿಮ್ಮ ಗೇಟಿನೊಳಗೆ ಮಾಡಬೇಕಾದದ್ದೂ ಇದೆ. 112, ಪಾಲಿಕೆಯ 1533, ಬೆಸ್ಕಾಂನ 1912, ಜಲಮಂಡಳಿಯ 1916, ಜಿಲ್ಲಾ ನಿಯಂತ್ರಣ ಕೊಠಡಿಯ 1077 ಈ ಸಂಖ್ಯೆಗಳು ಕಾವಲುಗಾರರ ಕೋಣೆಯ ಗೋಡೆಯ ಮೇಲೆ ಇರಲಿ. ನೆಲಮಾಳಿಗೆಯ ವಿದ್ಯುತ್ ಪ್ಯಾನೆಲ್ ಮತ್ತು ಜನರೇಟರ್ ಅನ್ನು ಈ ಬೇಸಿಗೆಯಲ್ಲೇ ಮೇಲಕ್ಕೆ ಸಾಗಿಸಿ. ಸಂಪಿನ ಮುಚ್ಚಳವನ್ನು 2022ರ ನೀರಿನ ಗುರುತಿಗಿಂತ ಎತ್ತರಕ್ಕೆ ಕಟ್ಟಿಸಿ, ನೀರು ಒಳಬಂದರೆ ಮುಖ್ಯ ಸ್ವಿಚ್ ಆರಿಸುವವರು ಯಾರೆಂದು ಇಬ್ಬರ ಹೆಸರು ಬರೆದಿಡಿ. ಮಲಗಿದಲ್ಲೇ ಇರುವ ರೋಗಿಗಳು, ಆಮ್ಲಜನಕದ ಯಂತ್ರ ಬಳಸುವವರು, ಒಂಟಿಯಾಗಿರುವ ಹಿರಿಯರು ಯಾವ ಮನೆಗಳಲ್ಲಿದ್ದಾರೆಂಬ ಪಟ್ಟಿ ಸಂಘದ ಕಾರ್ಯದರ್ಶಿಯ ಬಳಿ ಇರಲಿ, ಪಕ್ಕದ ಶೆಡ್‌ಗಳ ಮೇಸ್ತ್ರಿಯ ಫೋನ್ ಸಂಖ್ಯೆಯೂ ಅದರಲ್ಲೇ ಇರಲಿ. ದೊಡ್ಡ ಮಳೆ ಬರುವ ಸೂಚನೆ ಸಿಕ್ಕಾಗ ಮೊದಲು ಅವರಿಗೆ ಕರೆ ಮಾಡಿ, ಏಕೆಂದರೆ ಕಾಲುವೆಯ ನೀರು ನಿಮ್ಮ ಗೇಟಿಗೆ ಬರುವ ಮೊದಲು ಅವರ ತಗಡಿಗೆ ಬರುತ್ತದೆ.